ತಡೆದುಕೊಳ್ಳುವವಳು

ದೊಡ್ಡ ಹೋಟೆಲಿನವರು ಹೊಸದಾಗಿ ಕಟ್ಟಿಸಿದ ಕಟ್ಟಡದ ಹಾಸು, ಹೊದಿಕೆ, ಟವಲುಗಳೂ ತಮ್ಮ ಲಾಂಡ್ರಿಗೇ ಬರುತ್ತವೆ ಎಂಬ ಸುದ್ದಿ ತಿಳಿದ ದಿನ ಮನೆಯಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ. ದೊಡ್ಡಕ್ಕನ ತಮ್ಮ ವ್ಯಾನಿನಿಂದ ಇಳಿಯುತ್ತಲೇ ಹಾರ್ನ್ ಒತ್ತಿ ಬೀದಿಯನ್ನೆಲ್ಲ ಎಬ್ಬಿಸಿದ. ಕೈಯಲ್ಲಿ ಸಿಹಿಯ ಡಬ್ಬ. ಅವನ ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. ಅಮ್ಮ ಒಲೆ ಆರಿಸುವುದನ್ನೂ ಮರೆತು ಹೊಸಿಲಿಗೆ ಬಂದಳು. ಮನೆಯ ಹಿಂದೆಯೇ ಲಾಂಡ್ರಿ. ಅಲ್ಲಿ ಬಟ್ಟೆ ಹಿಂಡುತ್ತಿದ್ದವರೆಲ್ಲ ಕೆಲಸ ಬಿಟ್ಟು ಬಾಗಿಲಲ್ಲಿ ಮುಕುರಿದರು.

ದೊಡ್ಡಕ್ಕ ಮಾತ್ರ ಕೈಯಲ್ಲಿದ್ದ ಹೊದಿಕೆಯನ್ನು ಪೂರ್ತಿ ಮಡಿಸಿ, ಗುಡ್ಡೆಯ ಮೇಲಿಟ್ಟು, ಆಮೇಲೆ ತಿರುಗಿದಳು.

"ಸರಿ, ಒಳ್ಳೇದಾಯ್ತು. ಹಿಂಡೋ ಮಷಿನ್ ಬೆಲ್ಟ್ ಸವೆದಿದೆ ಕಣೋ. ನಾಳೆನೇ ಹೊಸದು ಹಾಕಿಸ್ಬೇಕು. ಇನ್ನು ಮೇಲೆ ಬರೋ ಬಟ್ಟೆಗೆ ಅದು ತಡೆಯಲ್ಲ."

ತಮ್ಮನ ಮುಖ ಅರ್ಧ ಇಳಿಯಿತು. ಆದರೂ ನಗುತ್ತಲೇ ಎಲ್ಲರ ಕಡೆ ತಿರುಗಿ, "ನಮ್ಮಕ್ಕನ ಮುಖಕ್ಕೆ ಯಾರೋ ಇಸ್ತ್ರಿ ಹಾಕಿಟ್ಟಿದ್ದಾರೆ. ಏನಾದ್ರೂ ಒಂದು ಸುಕ್ಕು ಬೀಳಲ್ಲ ನೋಡಿ" ಎಂದ.

ಎಲ್ಲರೂ ಗೊಳ್ಳೆಂದರು. ದೊಡ್ಡಕ್ಕನೂ ನಕ್ಕಳು. ಸಿಹಿ ತಿಂದಳು. ಬೆಲ್ಟಿನ ಅಂಗಡಿಗೆ ಫೋನ್ ಮಾಡಿದಳು.

ಅವಳು ಹುಟ್ಟಾ ಹಾಗಿದ್ದವಳಲ್ಲ. ಅವರಪ್ಪ ಲಾಂಡ್ರಿ ನಡೆಸುವಾಗ ಮನೆಯ ಹವಾಮಾನವೆಲ್ಲ ಅವನ ಮುಖದಲ್ಲಿತ್ತು. ಹೊಸ ಕೆಲಸ ಸಿಕ್ಕಿದ ದಿನ ಕಂಡಕಂಡವರನ್ನು ಕರೆದು ಊಟ ಹಾಕಿಸುವನು. ಒಂದು ಗಿರಾಕಿ ಕೈತಪ್ಪಿದರೆ ಬಕೆಟ್ಟು ಒದೆಯುವನು, ಮಡಿಸಿಟ್ಟ ಬಟ್ಟೆ ಎಳೆದು ನೆಲಕ್ಕೆ ಬಿಸಾಡುವನು. ಬೆಳಗ್ಗೆ ಕೆಲಸದವರು ಗೇಟಿನ ಹೊರಗೇ ನಿಂತು, ಕಿಟಕಿಯಲ್ಲಿದ್ದ ಈ ಹುಡುಗಿಯನ್ನು ಸನ್ನೆಯಲ್ಲಿ ಕೇಳುತ್ತಿದ್ದರು: ಇವತ್ತು ಹೇಗೆ? ಅವಳು ಬಾಯಿ ತಿರುಚಿ 'ಮೋಡ' ಎನ್ನುವಳು, ಇಲ್ಲವೇ ಹಲ್ಲು ಬಿಟ್ಟು 'ಬಿಸಿಲು' ಎನ್ನುವಳು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಇನ್ನೂ ಮೀಸೆ ಚಿಗುರುತ್ತಿತ್ತು. ಗಂಡನನ್ನು ಕಳೆದುಕೊಂಡು ಪುಟ್ಟ ಮಗಳೊಂದಿಗೆ ತವರಿಗೆ ಬಂದಿದ್ದ ಅವಳೇ ಲಾಂಡ್ರಿಯ ಬೀಗದ ಕೈ ಎತ್ತಿಕೊಂಡಳು. ಅಂದಿನಿಂದ ಗೇಟಿನ ಹೊರಗೆ ಯಾರೂ ನಿಂತು ಕೇಳಬೇಕಾಗಲಿಲ್ಲ. ಗಿರಾಕಿ ಬಂದರೂ 'ಸರಿ', ಹೋದರೂ 'ಸರಿ'. ಆ ಒಂದು ಮಾತನ್ನು ನಂಬಿ ಲಾಂಡ್ರಿ ನಿಂತಿತ್ತು.

ಹೊಸ ಕೆಲಸ ಶುರುವಾಗುವ ಹೊತ್ತಿಗೇ ಬಾಯ್ಲರಿನ ಪೈಪು ಸಿಡಿಯಿತು. ಬಟ್ಟೆಗೆ ಗಂಜಿ ಹಾಕುವ ಹೆಂಗಸು, ಎಲ್ಲರೂ ಗಂಜಿಯಕ್ಕ ಎಂದೇ ಕರೆಯುವವಳು, ಪಕ್ಕದಲ್ಲೇ ಇದ್ದಳು. ಬಿಸಿ ಹಬೆ ಅವಳ ತೋಳನ್ನು ಸುಟ್ಟಿತು. ದೊಡ್ಡಕ್ಕ ಅವಳನ್ನು ಆಸ್ಪತ್ರೆಗೆ ಕರೆದೊಯ್ದು, ಪಟ್ಟಿ ಕಟ್ಟಿಸಿ, ಮನೆಗೆ ಮುಟ್ಟಿಸಿ ಬರುವಷ್ಟರಲ್ಲಿ ತಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದ.

"ಮುಗೀತು ಅಕ್ಕ. ಎಲ್ಲಾ ಮುಗೀತು. ಹೋಟೆಲಿನವರು ನಮ್ಮನ್ನ ಕ್ಯಾಕರಿಸಿ ಉಗೀತಾರೆ."

"ಕೂಗ್ಬೇಡ, ಒಳಗೆ ಕೆಲಸದೋರು ಹೆದರ್ತಾರೆ. ಹಂಡೆ ಇದೆ, ಸೌದೆ ಇದೆ, ಕೈಯಿದೆ. ಬಾಯ್ಲರ್ ಸರಿಯಾಗೋವರೆಗೂ ಕೈಯಲ್ಲೇ ಒಗೆಯೋಣ. ನೀನು ಅಷ್ಟರಲ್ಲಿ ಬೇರೆ ಎಲ್ಲಾದ್ರೂ ಮಷಿನ್ ಬಾಡಿಗೆಗೆ ಸಿಗುತ್ತಾ ವಿಚಾರಿಸು."

ಮನೆಮಂದಿಯೆಲ್ಲ ಹಿತ್ತಿಲಿಗಿಳಿದರು. ಅಮ್ಮ ಹಂಡೆಗೆ ಬೆಂಕಿ ನೋಡಿಕೊಂಡಳು. ದೊಡ್ಡಕ್ಕನ ಮಗಳು ಕಾಲೇಜು ತಪ್ಪಿಸಿ ದಿಂಬಿನ ಚೀಲ ಉಜ್ಜಿದಳು. ತಮ್ಮ ಊರಾಚೆ ಒಂದು ಶೆಡ್ಡು ಹುಡುಕಿ ಬಂದ. ಅಲ್ಲಿ ಮಷಿನ್ನುಗಳಿವೆ, ಸದ್ಯಕ್ಕೆ ಅರ್ಧ ಬಟ್ಟೆ ಅಲ್ಲಿ ಒಗೆಸೋಣ ಎಂದ. ದೊಡ್ಡಕ್ಕನಿಗೆ ನಿಜಕ್ಕೂ ಸಂತೋಷವಾಯಿತು. "ಸರಿ. ಒಳ್ಳೇ ಕೆಲಸ ಮಾಡ್ದೆ" ಎಂದು ಅವನ ಬೆನ್ನು ತಟ್ಟಿದಳು.

ಬಾಯ್ಲರ್ ಸರಿಹೋಯಿತು. ಶೆಡ್ಡಿಗೆ ಹೋಗುತ್ತಿದ್ದ ಹೋಟೆಲಿನ ಬಟ್ಟೆ ಮಾತ್ರ ಮತ್ತೆ ಲಾಂಡ್ರಿಗೆ ಬರಲಿಲ್ಲ.

"ಹೊಸ ಕಟ್ಟಡದಲ್ಲಿ ಇನ್ನೂ ಜನ ತುಂಬಿಲ್ಲ ಅಕ್ಕ, ಅದಕ್ಕೆ ಕಡಿಮೆ ಬರ್ತಿದೆ" ಎಂದು ತಮ್ಮ ಹೇಳಿದ. ಅವಳು ನಂಬಿದಳು. ನಂಬದಿರುವುದಕ್ಕೆ ಏನಿತ್ತು? ಅಡುಗೆಮನೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಕಣ್ಣಿಗೆ ಬಿದ್ದಿದ್ದವು. ಪಾತ್ರೆ ತೊಳೆಯುವ ಸರದಿಗಾಗಿ ಮೂಗು ಮುರಿಯುತ್ತಿದ್ದ ನಾದಿನಿ, ತಮ್ಮನ ಹೆಂಡತಿ, ಈಗ, "ಅತ್ತಿಗೆ, ನೀವು ಕೂತ್ಕೊಳ್ಳಿ, ನಾನು ಬಡಿಸ್ತೀನಿ" ಎನ್ನತೊಡಗಿದ್ದಳು. ಅಮ್ಮ ಬೆಳಗ್ಗೆ ಎದ್ದು ಅಳತೆಗಿಂತ ಹೆಚ್ಚು ಅನ್ನ ಇಡುತ್ತಿದ್ದಳು.

"ಯಾರಿಗಮ್ಮ ಇಷ್ಟೊಂದು?"

"ಅವನು ಓಡಾಡ್ತಾನಲ್ಲ, ಹಸಿವು ಜಾಸ್ತಿ."

"ಅವನ ಹೊಟ್ಟೆ ಏನು ನಮ್ಮ ಹಂಡೆನಾ?" ಎಂದು ದೊಡ್ಡಕ್ಕ ನಗೆಯಾಡಿದಳು. ಅಮ್ಮ ನಗಲಿಲ್ಲ. ಬುತ್ತಿಯ ಮುಚ್ಚಳ ಒತ್ತಿ ಹಾಕಿದಳು.

ಹೀಗಿರುವಾಗ ಒಂದು ದಿನ ಆಸ್ಪತ್ರೆಯೊಂದರ ದಿಂಬಿನ ಚೀಲಗಳು ಹೋಟೆಲಿನ ಗಂಟಿನಲ್ಲಿ ಸೇರಿಹೋದವು. ತಮ್ಮ ಫೋನ್ ಎತ್ತಲಿಲ್ಲ. ಆಸ್ಪತ್ರೆಯವರು ಬಾಗಿಲಲ್ಲಿ ಕಾದಿದ್ದರು. ದೊಡ್ಡಕ್ಕ ತಾನೇ ಆಟೋ ಹಿಡಿದು ಹೋಟೆಲಿನ ಹಿಂಬಾಗಿಲಿಗೆ ಹೋದಳು. ಅಲ್ಲಿನ ಮೇಲ್ವಿಚಾರಕಿ ಬಹಳ ವರ್ಷದ ಪರಿಚಯದವಳು. ಇವಳನ್ನು ಕಂಡದ್ದೇ ಕೈಯಲ್ಲಿದ್ದುದನ್ನು ಬಿಟ್ಟು ಎದ್ದು ಬಂದಳು.

"ಅಯ್ಯೋ, ನೀವ್ಯಾಕೆ ಬರೋಕೆ ಹೋದ್ರಿ! ಈಗ ಹೇಗಿದೀರ? ಓಡಾಡ್ಬಹುದಾ?"

"ನನಗೇನಾಗಿದೆ?"

"ನಿಮ್ಮ ತಮ್ಮ ಹೇಳಿದ್ರು. ಆರೋಗ್ಯ ಕೆಟ್ಟಿದೆ, ಅಕ್ಕನ ಕೈಲಿ ಇನ್ನು ಆಗಲ್ಲ, ನಾನೇ ಎಲ್ಲಾ ನೋಡ್ಕೋತೀನಿ ಅಂತ. ಹೊಸ ಜಾಗ ಚೆನ್ನಾಗಿದೆ ಬಿಡಿ. ಬಾಗಿಲು ತೆಗೆದ ದಿನ ನಾವೂ ಹೋಗಿದ್ವಿ. ನಿಮ್ಮ ತಾಯೀನೇ ಬೀಗ ತೆಗೆದ್ರು. ನಿಮ್ಮ ಮಗಳು ಎಲ್ಲರಿಗೂ ಚಹಾ ಕೊಟ್ಲು. ನೀವಿಲ್ವಲ್ಲ ಅಂತ ನಮಗೆಲ್ಲ ಪಾಪ ಅನ್ನಿಸ್ತು."

ದೊಡ್ಡಕ್ಕನ ಕಣ್ಣು ಗೋಡೆಬದಿಗೆ ಜೋಡಿಸಿಟ್ಟ ಗಂಟುಗಳ ಮೇಲೆ ಹೋಯಿತು. ಚೀಟಿಯ ಮೇಲೆ ತಮ್ಮನ ಹೆಸರಿನ ಹೊಸ ಲಾಂಡ್ರಿ. ಮಡಿಕೆ ಮಾತ್ರ ಇವರ ಮನೆಯದೇ, ಅಂಚು ಒಳಕ್ಕೆ ತಿರುಗಿಸಿದ್ದು. ಅವನಿಗೆ ಅದನ್ನು ಕಲಿಸಿದವಳು ಇವಳೇ.

"ಸರಿ" ಎಂದಳು. "ಆ ದಿಂಬಿನ ಚೀಲಗಳು ಎಲ್ಲಿವೆ, ಕೊಡಿ. ಆಸ್ಪತ್ರೆಯೋರು ಕಾಯ್ತಿದ್ದಾರೆ."

ಚೀಲಗಳನ್ನು ಆಸ್ಪತ್ರೆಗೆ ಮುಟ್ಟಿಸಿ, ಲಾಂಡ್ರಿಗೆ ಬಂದು, ಬಟ್ಟೆ ಒಣಹಾಕುವ ಕೋಣೆಗೆ ಹೋದಳು. ಸಾಲುಸಾಲಾಗಿ ನೇತುಬಿದ್ದ ಹೊದಿಕೆಗಳ ನಡುವೆ ನಿಂತಳು. ಕೈಗೆ ಸಿಕ್ಕ ಒದ್ದೆ ಹೊದಿಕೆಯನ್ನು ಮುಖಕ್ಕೆ ಒತ್ತಿಕೊಂಡಳು. ಮೊದಲು ಸದ್ದೇ ಬರಲಿಲ್ಲ. ಬಂದಾಗ, ಆ ಅಳು ತನ್ನ ಗಂಟಲಿನದೇ ಎಂದು ಅವಳಿಗೆ ಗಾಬರಿಯಾಯಿತು. ತಮ್ಮ ಮಾಡಿದ್ದು ಹೇಗೋ ಗಂಟಲಲ್ಲಿ ಇಳಿಯುತ್ತಿತ್ತು. ಅಮ್ಮನ ಕೈಯಲ್ಲಿ ಬೀಗದ ಕೈ, ಮಗಳ ಕೈಯಲ್ಲಿ ಚಹಾದ ತಟ್ಟೆ, ಅವು ಇಳಿಯಲಿಲ್ಲ.

ಮುದುಕ ಇಸ್ತ್ರಿಯಜ್ಜ ಬಟ್ಟೆ ತೆಗೆಯಲು ಬಂದವನು ಇವಳನ್ನು ಕಂಡು, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ, ಬಾಗಿಲ ಹೊರಗೆ ನಿಂತು ಸುಮ್ಮಸುಮ್ಮನೆ ಕೆಮ್ಮುತ್ತ ಬೇರೆ ಯಾರನ್ನೂ ಒಳಗೆ ಬಿಡದೆ ಕಾದ. ಅವಳು ಹೊರಬಂದಾಗ, ಕೊಳೆಯಾದ ಆ ಹೊದಿಕೆಯನ್ನು ತಾನೇ ಮತ್ತೆ ಒಗೆಯಲು ಹಾಕಿದಳು.

ಕೆಲಸದವರ ಮುಂದೆ ಮನೆಯ ಜಗಳ ತೆಗೆಯಬಾರದೆಂದು ರಜೆಯ ದಿನದವರೆಗೆ ಕಾದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಬೇಳೆ, ಹುರಿದ ಮೊಟ್ಟೆ. ತಾನೇ ಬಡಿಸಿದಳು. ತನ್ನ ತಟ್ಟೆಗೂ ಹಾಕಿಕೊಂಡು ಕೂತು, ತಮ್ಮನನ್ನು ಕೇಳಿದಳು:

"ಶೆಡ್ಡಲ್ಲಿ ನೀರು ಚೆನ್ನಾಗಿ ಬರುತ್ತಾ?"

"ಬರುತ್ತೆ... ಯಾಕೆ?"

"ಏನಿಲ್ಲ. ಲಾಂಡ್ರಿ ಅಂದ್ಮೇಲೆ ನೀರು ಮುಖ್ಯ. ಅಮ್ಮ ಬೀಗ ತೆಗೆದ ಜಾಗ, ಚೆನ್ನಾಗೇ ಇರುತ್ತೆ."

ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಮಗಳು ತಲೆ ತಗ್ಗಿಸಿದಳು. ತಮ್ಮ ಗಟಗಟನೆ ನೀರು ಕುಡಿದ.

"ಹೇಳ್ಬೇಕು ಅಂತಾನೇ ಇದ್ದೆ ಅಕ್ಕ."

"ಯಾವಾಗ? ನಾನು ಸತ್ತಮೇಲಾ? ಹೋಟೆಲಲ್ಲಿ ಆಗ್ಲೇ ಅರ್ಧ ಸಾಯಿಸಿದೀಯ. ಕಾಯಿಲೆ ಅಂತ ಯಾಕೆ ಹೇಳ್ದೆ?"

"ಇಲ್ಲಾಂದಿದ್ರೆ ಅವರು ಒಪ್ತಿರಲಿಲ್ಲ. ಅಕ್ಕನ ಒಪ್ಪಿಗೆ ಇದ್ರೆ ಮಾತ್ರ ಅಂತ ಕೂತ್ಬಿಟ್ರು."

"ಅಂದ್ರೆ, ನನ್ನ ಹೆಸರು ಬೇಕಿತ್ತು. ನಾನು ಬೇಡವಾಗಿದ್ದೆ."

ನಾದಿನಿ ಸೆರಗಿನ ತುದಿ ಹಿಂಡುತ್ತ, "ಅತ್ತಿಗೆ, ನಮಗೂ ನಮ್ಮದು ಅಂತ ಒಂದು ಬೇಡ್ವಾ?" ಎಂದಳು.

"ಬೇಕು. ಕೇಳಿದ್ರೆ ನಾನೇ ನಿಂತು ಮಾಡಿಕೊಡ್ತಿದ್ದೆನಲ್ಲಮ್ಮ."

"ಅದೇ ಅತ್ತಿಗೆ. ಆಗ ಅದೂ ನೀವು ಮಾಡಿಕೊಟ್ಟದ್ದೇ ಆಗ್ತಿತ್ತು."

ತಮ್ಮನಿಗೆ ಅಷ್ಟರಲ್ಲಿ ಧೈರ್ಯ ಬಂದಿತ್ತು. ತಟ್ಟೆ ಪಕ್ಕಕ್ಕೆ ತಳ್ಳಿದ.

"ನಿನಗೆ ಹೇಳಿದ್ರೆ ಏನಂತಿದ್ದೆ ಅಕ್ಕ? 'ಸರಿ' ಅಂತಿದ್ದೆ! ನಾನು ಗೆದ್ದು ಬಂದ್ರೂ ಸರಿ, ಬಿದ್ದು ಬಂದ್ರೂ ಸರಿ. ಕುಣೀಬೇಕು ಅಂತ ಮನೆಗೆ ಓಡಿಬಂದ್ರೆ, ನೀನು ಬೆಲ್ಟ್ ಸವೆದಿದೆ ಅಂತೀಯ. ಅಪ್ಪ ಹೊಡೀತಿದ್ದ, ಸರಿ, ಆದ್ರೆ ಅವನಿಗೆ ಖುಷಿಯಾದಾಗ ನಮ್ಮನ್ನ ಎತ್ತಿ ಹೆಗಲ ಮೇಲೆ ಕೂರಿಸ್ಕೋತಿದ್ದ. ನಿನಗೆ ಏನಾದ್ರೂ ಆಗುತ್ತೆ ಅಂತ ನನಗೆ ಗೊತ್ತಾಗೋದು ಹೇಗೆ?"

"ಅಪ್ಪ ಒದ್ದ ಬಕೆಟ್ಟು ಯಾರ ಕಾಲಿಗೆ ಬಿತ್ತು, ನೆನಪಿದೆಯಾ ನಿನಗೆ?" ದೊಡ್ಡಕ್ಕ ಸೀರೆ ಎತ್ತಿ ಪಾದದ ಮೇಲಿನ ಕಲೆ ತೋರಿಸಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಮಗಳ ಕಡೆ ತಿರುಗಿದಳು. "ನೀನು ಚಹಾ ಕೊಟ್ಟೆಯಂತೆ."

"ಕೊಟ್ಟೆ." ಮಗಳ ಕಣ್ಣು ತುಂಬಿ ಹರಿಯಿತು. "ಅಜ್ಜಿ ಹೇಳ್ಬೇಡ ಅಂದ್ಲು. ಮಾವ ತಾನೇ ಹೇಳ್ತೀನಿ ಅಂದ. ದಿನಾ, ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂದ್ಕೊಂಡೆ ಅಮ್ಮ."

ದೊಡ್ಡಕ್ಕ ಕೊನೆಗೆ ಅಮ್ಮನನ್ನು ನೋಡಿದಳು. ಅಮ್ಮ ಮಾತ್ರ ತಲೆ ತಗ್ಗಿಸಿರಲಿಲ್ಲ.

"ನನ್ನನ್ನೇನು ನೋಡ್ತೀಯ? ಹೌದು, ಹೋಗಿದ್ದೆ. ಅವನು ಮೆತ್ತಗಿನೋನು. ಇದೂ ಇಲ್ಲಾಂದ್ರೆ ಎದೆ ಒಡ್ಕೊಂಡು ಬಿಡ್ತಿದ್ದ. ನೀನಾದ್ರೆ ತಡ್ಕೊಳ್ತೀಯ. ನಿನಗೇನಾಗುತ್ತೆ?"

ಅಮ್ಮ ಅದನ್ನು ಬೈಗುಳದ ಹಾಗೆ ಹೇಳಲಿಲ್ಲ. ಹೊಗಳಿಕೆಯ ಹಾಗೆಯೇ ಹೇಳಿದಳು. ದೊಡ್ಡಕ್ಕ ಎದ್ದು, ತನ್ನ ತಟ್ಟೆ ತೊಳೆದಿಟ್ಟು, ಹಿತ್ತಿಲಿಗೆ ಹೋದಳು. ಹಿಂದೆ ಯಾರೂ ಬರಲಿಲ್ಲ.

ಆ ವಾರದಲ್ಲೇ ತಮ್ಮ, ಅವನ ಹೆಂಡತಿ ಶೆಡ್ಡಿನ ಹತ್ತಿರ ಬಾಡಿಗೆ ಮನೆ ಹಿಡಿದರು. ಅಮ್ಮನೂ ತನ್ನ ಬಟ್ಟೆಯ ಚೀಲ ಎತ್ತಿಕೊಂಡಳು. "ಇಬ್ಬರೂ ದುಡಿಯೋಕೆ ಹೋದ್ರೆ ಅಡುಗೆ ಯಾರು ಮಾಡ್ಬೇಕು?" ಎಂದಳು, ಪಕ್ಕದ ಬೀದಿಗೆ ತರಕಾರಿಗೆ ಹೋಗುವವಳ ಹಾಗೆ.

ಲಾಂಡ್ರಿಯಲ್ಲಿ ಸುದ್ದಿ ಆಗಲೇ ಗುಸುಗುಸು ಹರಿದಾಡುತ್ತಿತ್ತು. ದೊಡ್ಡಕ್ಕ ಎಲ್ಲರನ್ನೂ ಕರೆದಳು.

"ಹೋಟೆಲ್ ಕೆಲಸ ಹೋಯ್ತು. ನನ್ನ ತಮ್ಮನೇ ತಗೊಂಡ. ನನಗೆ ಗೊತ್ತಿರಲಿಲ್ಲ." ಅವಳ ದನಿ ಒಡೆಯಿತು. ನಿಂತಳು. ಹೂಜಿಯಿಂದ ನೀರು ಬಗ್ಗಿಸಿ ಕುಡಿದಳು. ಯಾರೂ ಅಲುಗಲಿಲ್ಲ, ಅವಳು ಹೀಗೆ ನಿಂತದ್ದನ್ನು ಅವರು ಕಂಡೇ ಇರಲಿಲ್ಲ. "ನನಗೆ ಬಹಳ ಸಂಕಟ ಆಗಿದೆ. ಮುಚ್ಚಿಡಲ್ಲ. ಆದ್ರೆ ಆಸ್ಪತ್ರೆ ಬಟ್ಟೆ ಸಂಜೆ ಕೊಡ್ಬೇಕು, ಕೊಡೋಣ. ಅವನ ಹತ್ರ ಕೆಲಸ ಜಾಸ್ತಿ ಇದೆ. ಹೋಗೋರು ಹೋಗಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಇರೋರಿಗೆ ಕೆಲಸ ಹುಡುಕೋದು ನನ್ನ ಪಾಡು."

ಇಬ್ಬರು ಹೋದರು. ಗಂಜಿಯಕ್ಕ ಪಟ್ಟಿ ಕಟ್ಟಿದ ತೋಳನ್ನು ಎದೆಗೊತ್ತಿಕೊಂಡು, "ಒಂದು ಸಲ ಬಾಯಿತುಂಬ ಬೈದುಬಿಡಿ ದೊಡ್ಡಕ್ಕ. ನಮಗಾದ್ರೂ ಸಮಾಧಾನ ಆಗುತ್ತೆ" ಎಂದಳು.

"ಬೈದ್ರೆ ಬಟ್ಟೆ ಬೇಗ ಒಣಗುತ್ತಾ?"

"ಒಣಗಲ್ಲ. ಆದ್ರೆ ಉಜ್ಜೋಕೆ ಕೈಗೆ ಬಲ ಬರುತ್ತೆ."

ಬಹಳ ದಿನದ ಮೇಲೆ ಎಲ್ಲರೂ ನಕ್ಕರು.

ಮುಂದಿನ ವಾರಗಳಲ್ಲಿ ದೊಡ್ಡಕ್ಕ ಬೀದಿಬೀದಿ ಅಲೆದಳು. ಕ್ಷೌರದಂಗಡಿಗಳ ಟವಲು, ಸಣ್ಣ ಕ್ಲಿನಿಕ್ಕುಗಳ ಹಾಸು, ನಾಟಕದ ಥಿಯೇಟರೊಂದರ ಧೂಳು ಹಿಡಿದ ಪರದೆ. ಸಿಕ್ಕಿದ್ದಕ್ಕೆಲ್ಲ ಕೈಹಾಕಿದಳು. ಮಗಳು ಬೆಳಗ್ಗೆ ಕೆಲಸ ಮುಗಿಸಿ ಕಾಲೇಜಿಗೆ ಹೋಗಿ, ಬಂದು ಮತ್ತೆ ನಿಲ್ಲುತ್ತಿದ್ದಳು. ಇಬ್ಬರ ನಡುವೆ ಉಪ್ಪು, ನೀರು, ಬೀಗ ಇಷ್ಟರದ್ದೇ ಮಾತು. ಒಂದು ದಿನ ಪರದೆ ಹಿಂಡುವಾಗ ಮಗಳು ತಡೆಯಲಾರದೆ ಹೇಳಿದಳು:

"ಎರಡೇಟು ಹೊಡೆದುಬಿಡು ಅಮ್ಮ. ಹೀಗೆ ಇರಬೇಡ."

"ಆ ತುದಿ ಗಟ್ಟಿ ಹಿಡ್ಕೋ, ನೆಲಕ್ಕೆ ತಾಗ್ತಿದೆ." ಪರದೆಯ ನೀರು ಪೂರ್ತಿ ಇಳಿದ ಮೇಲೆ ತಾನೇ ಅಂದಳು, "ನಿನ್ನ ಮೇಲೆ ಕೋಪ ಇದೆ. ಹೋಗುತ್ತೆ. ಇವತ್ತಲ್ಲ." ಮಗಳಿಗೆ ಅಷ್ಟು ಕೇಳಿಯೇ ಉಸಿರು ಬಂದಂತಾಯಿತು.

ಆಮೇಲೊಂದು ಮಧ್ಯಾಹ್ನ ತಮ್ಮನ ವ್ಯಾನು ಗೇಟಿಗೆ ಬಂತು. ಹಾರ್ನ್ ಇಲ್ಲ. ಒಳಗೆ ತುಂಬಾ ಒದ್ದೆ ಹೊದಿಕೆಗಳು, ಆಗಲೇ ಮುಗ್ಗುಲು ವಾಸನೆ. ತಮ್ಮನ ಅಂಗಿ ಬೆವರಿಗೆ ಅಂಟಿತ್ತು. ಅವನ ಮಷಿನ್ನು ಕೈಕೊಟ್ಟಿತ್ತು. ಅವನು ಅಪ್ಪನ ಹಾಗೆಯೇ ಕೂಗಾಡಿದ್ದಕ್ಕೆ ಕೆಲಸದವರು ಎದ್ದು ನಡೆದಿದ್ದರು. ಸಂಜೆಗೆ ಹೋಟೆಲು ತುಂಬ ಜನ.

"ಅಕ್ಕ, ಇದೊಂದು ಸಲ."

ಒಳಗಿದ್ದವರೆಲ್ಲ ದೊಡ್ಡಕ್ಕನ ಮುಖ ನೋಡಿದರು. ಗಂಜಿಯಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಮೊದಲು ಹೋಟೆಲಿಗೆ ಫೋನ್ ಮಾಡು" ಎಂದಳು ದೊಡ್ಡಕ್ಕ. "ನನಗೆ ಯಾವ ಕಾಯಿಲೆನೂ ಇಲ್ಲ, ಇರಲೂ ಇಲ್ಲ, ಸುಳ್ಳು ಹೇಳಿದ್ದೆ ಅಂತ ಹೇಳು. ಇಲ್ಲೇ. ಇವರೆಲ್ಲರ ಮುಂದೆ."

"ಹೇಳಿದ್ರೆ ಕೆಲಸ ಹೋಗುತ್ತೆ ಅಕ್ಕ!"

"ಹೋಗಬಹುದು. ಬಟ್ಟೆ ಇಳಿಸ್ಬೇಕೋ ಬೇಡ್ವೋ?"

ಅವನು ಫೋನ್ ಮಾಡಿದ. ಗೋಡೆಯ ಕಡೆ ತಿರುಗಿ ಹೇಳಿದ. ಆ ಕಡೆಯಿಂದ ಮೇಲ್ವಿಚಾರಕಿಯ ದನಿ ಎತ್ತರಕ್ಕೇರಿದ್ದು ಎಲ್ಲರಿಗೂ ಕೇಳಿಸಿತು. ಅವನು ಫೋನ್ ಇಳಿಸಿದ ಮೇಲೆ ದೊಡ್ಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಲ್ಲರೂ ಗಂಟುಗಳನ್ನು ಇಳಿಸಿಕೊಂಡರು. ಒಗೆದರು, ಒಣಗಿಸಿದರು, ಇಸ್ತ್ರಿಯಜ್ಜ ಕತ್ತೆತ್ತದೆ ತೀಡಿದ. ಬೆಳಕಿರುವಾಗಲೇ ವ್ಯಾನು ತುಂಬಿತು.

ತಮ್ಮ ಕಣ್ಣೊರೆಸಿಕೊಂಡು, "ನನಗೆ ಗೊತ್ತಿತ್ತು ಅಕ್ಕ, ನೀನು ಕೈಬಿಡಲ್ಲ ಅಂತ" ಎಂದ.

"ಅದು ಗೊತ್ತಿದ್ದಿದ್ದಕ್ಕೇ ತಾನೇ ನೀನು ಅಷ್ಟು ಧೈರ್ಯವಾಗಿ ಮಾಡಿದ್ದು. ಇವತ್ತು ಆ ಹೋಟೆಲಿನ ಜನ ಬರಿ ಹಾಸಿಗೆ ಮೇಲೆ ಮಲಗಬಾರದು ಅಂತ ಮಾಡಿಕೊಟ್ಟೆ. ಇನ್ನು ಅದನ್ನ ನೆಚ್ಚಬೇಡ."

ಹೋಟೆಲಿನವರಿಗೆ ಅಕ್ಕ-ತಮ್ಮಂದಿರ ರಗಳೆಯೇ ಬೇಡವೆನ್ನಿಸಿತೋ ಏನೋ, ಕೆಲಸವನ್ನು ಮೂರನೆಯವರ್ಯಾರಿಗೋ ಕೊಟ್ಟುಬಿಟ್ಟರು. ಮೇಲ್ವಿಚಾರಕಿ ಫೋನ್ ಮಾಡಿ ಬೇಸರ ತೋಡಿಕೊಂಡಳು. ಶೆಡ್ಡಿಗೆ ಬೀಗ ಬಿತ್ತು.

ಅದಾದ ಕೆಲವು ದಿನಗಳಿಗೆ ಅಮ್ಮ ಬಂದಳು. ಮನೆಯ ಬಾಗಿಲಿಗೆ ಬರಲಿಲ್ಲ, ನೇರ ಲಾಂಡ್ರಿಗೆ ಬಂದಳು. ದೊಡ್ಡಕ್ಕ, ಮಗಳು ಇಬ್ಬರೇ ಇದ್ದರು. ಉಳಿದವರು ಊಟಕ್ಕೆ ಹೋಗಿದ್ದರು. ಅಮ್ಮ ಸೊರಗಿದ್ದಳು.

"ಅವನು ಹಾಸಿಗೆ ಬಿಟ್ಟು ಏಳ್ತಿಲ್ಲ. ಅನ್ನ ಮುಟ್ತಿಲ್ಲ. ಗೋಡೆ ನೋಡ್ಕೊಂಡು ಅಳ್ತಾನೆ. ನೀನು ಬಂದು ಒಂದು ಮಾತು ಹೇಳು, ಮಗಳೇ. ಮತ್ತೆ ಇಲ್ಲಿಗೇ ಕರ್ಕೋ. ಆದದ್ದು ಆಯ್ತು. ನಿನಗೇನು, ನೀನು ಗಟ್ಟಿಗಿತ್ತಿ. ನೀನು ಯಾವತ್ತಾದ್ರೂ ಹೀಗೆ ಅತ್ತಿದ್ದುಂಟಾ?"

"ಅತ್ತಿದ್ದೀನಿ ಅಮ್ಮ."

"ಯಾವಾಗ?"

ಅಮ್ಮ ನಿಜವಾಗಿಯೂ ಕೇಳಿದ್ದಳು. ಅವಳಿಗೆ ತಿಳಿದಿರಲಿಲ್ಲ. ದೊಡ್ಡಕ್ಕ ಆ ಮುಖವನ್ನೇ ನೋಡಿದಳು. ಅಲ್ಲಿ ಕಪಟವಿಲ್ಲದ್ದು ಕಂಡು ಅವಳಿಗೆ ಇನ್ನಷ್ಟು ನೋವಾಯಿತು. ಎಂದಿನ 'ಸರಿ' ಬಾಯಿಗೆ ಬಂತು. ನುಂಗಿಕೊಂಡಳು.

"ಹೇಳ್ತೀನಿ. ಕೂತ್ಕೋ. ಅವನ ವಿಷಯ ಆಮೇಲೆ ನೋಡೋಣ. ಆದ್ರೆ ಪೂರ್ತಿ ಕೇಳ್ಬೇಕು. ನಾನು ಹೇಳಿ ಮುಗಿಸೋವರೆಗೂ ಅವನ ಮಾತು ಎತ್ತಬಾರದು."

ಅಮ್ಮ ಮರದ ಮಣೆ ಎಳೆದುಕೊಂಡು ಕೂತಳು. ಮಗಳು ಹೋಗಿ ಮಷಿನ್ ಆರಿಸಿದಳು. ಗದ್ದಲ ನಿಂತಿತು.

"ಇವಳಪ್ಪ ತೀರ್ಕೊಂಡ ವಾರ" ಎಂದು ಶುರುಮಾಡಿದಳು ದೊಡ್ಡಕ್ಕ, "ನೀನು ನನ್ನನ್ನ ಕರ್ಕೊಂಡು ಬಂದೆಯಲ್ಲ, ಆ ದಾರಿ ಪೂರ್ತಿ ಬಸ್ಸಲ್ಲಿ ನಾನು ಕಿಟಕಿ ಕಡೆ ಮುಖ ಮಾಡಿದ್ದೆ. ನೀನು ಪಕ್ಕದೋರಿಗೆ, ನನ್ನ ಮಗಳು ಬಹಳ ಗಟ್ಟಿ ಅಂತ ಹೇಳ್ತಿದ್ದೆ..."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಮಗಳ ಕಡೆ ನೋಡಿ, ಮುಚ್ಚಿಕೊಂಡಳು. ದೊಡ್ಡಕ್ಕ ಮುಂದುವರಿಸಿದಳು.